ಇಲ್ಲದ ಹೆಂಡತಿಗೆ ಇಬ್ಬರು ಸಾಕ್ಷಿ

ಇರುವುದನ್ನು ಇದೆ ಎಂದು ತೋರಿಸಬಹುದು. ಇಲ್ಲದ್ದನ್ನು ಇಲ್ಲ ಎಂದು ತೋರಿಸುವುದು ಹೇಗೆ? ಕಾಲೇಜಿನ ಚರ್ಚಾಕೂಟಗಳಲ್ಲಿ ದೇವರು, ದೆವ್ವ ಎರಡರ ಪರವಾಗಿ ಬಂದವರ ಬಾಯನ್ನೂ ಇದೊಂದೇ ಪ್ರಶ್ನೆಯಿಂದ ಮುಚ್ಚಿಸಿದವನು ನಾನು. ಅದೇ ಪ್ರಶ್ನೆಯನ್ನು ಪೋರ್ಚುಗಲ್ ದೇಶ ನನ್ನತ್ತ ತಿರುಗಿಸೀತೆಂದು ಎಣಿಸಿರಲಿಲ್ಲ.

ನಾನು ಮದುವೆಯಾಗಲಿರುವ ಅನಿತಾ ಕುರ್ಲಾದ ಹುಡುಗಿ, ಈಗ ಲಿಸ್ಬನ್ನಿನಲ್ಲಿ ನರ್ಸ್. ರಿಜಿಸ್ಟರ್ ಮದುವೆ ಅಲ್ಲೇ, ದಿನವೂ ಗೊತ್ತಾಗಿದೆ. ಅಷ್ಟರೊಳಗೆ ನಾನು ಅವಿವಾಹಿತನೆಂಬ ಪ್ರಮಾಣಪತ್ರ ಅಲ್ಲಿರದಿದ್ದರೆ ಮದುವೆಯೇ ಇಲ್ಲ. ಅದಕ್ಕೆ ನೋಟರಿಯ ಸಹಿ, ಆ ಸಹಿ ಅಸಲಿಯೆಂದು ರಾಜ್ಯ ಸರ್ಕಾರದ ಸಹಿ, ಅದೂ ಅಸಲಿಯೆಂದು ಕೇಂದ್ರದ ಅಪೊಸ್ಟಿಲ್, ಅಂದರೆ ಹೊರದೇಶಕ್ಕೆ ಸಲ್ಲುವ ಮೊಹರು. ಇದರ ಸೊಗಸೆಂದರೆ, ನನ್ನ ಬ್ರಹ್ಮಚರ್ಯದ ಗೊಡವೆಗೆ ಇವರಲ್ಲಿ ಯಾರೂ ಹೋಗುವುದಿಲ್ಲ. ಸತ್ಯದ ಭಾರವೆಲ್ಲ ಬುಡದಲ್ಲಿ ಸಹಿ ಹಾಕುವ ಇಬ್ಬರು ನೆರೆಹೊರೆಯವರ ಮೇಲೆ. ನಮ್ಮ ನೋಟರಿಗೆ ಸಾಕ್ಷಿಗಳಿಲ್ಲದೆ ಸಮಾಧಾನವಿಲ್ಲ.

ದಹಿಸರಿನ ನಮ್ಮ ಬಿಲ್ಡಿಂಗಿನ ಕೆಳಗೆ ಹೋಟೆಲಿಟ್ಟಿರುವ ಶೆಟ್ಟರು ಓದದೆಯೇ ಸಹಿ ಹಾಕಿದರು. "ಹೆಂಡ್ತಿ ಇದ್ದವ ಮೂರು ಹೊತ್ತೂ ನನ್ನ ಸಾಂಬಾರು ತಿಂತಾನಾ ಮಾರಾಯ್ರೆ?" ಅವರ ತರ್ಕದಲ್ಲಿ ದೋಷವಿರಲಿಲ್ಲ.

ಎದುರು ಮನೆಯ ಕುಲಕರ್ಣಿ ಕಾಕು ಮಾತ್ರ ಪೆನ್ನು ಮುಟ್ಟಲಿಲ್ಲ. ಧಾರವಾಡದ ಹಿರಿಯ ಹೆಂಗಸು, ಸುಳ್ಳೆಂದರೆ ಮೈಲಿಗೆ.

"ಹ್ಯಾಂಗ ಸಹಿ ಮಾಡ್ಲಿ ತಮ್ಮಾ? ನಿನ್ನ ಹೆಂಡ್ತೀನ ನೋಡೇನಿ."

"ಯಾವ ಹೆಂಡತಿ?"

"ಎಷ್ಟು ಮಂದಿ ಅದಾರ ನಿನಗ?"

ಸಂಕ್ರಾಂತಿಯ ಅರಿಶಿನ-ಕುಂಕುಮಕ್ಕೆ ಕಾಕು ಬಿಲ್ಡಿಂಗಿನ ಮುತ್ತೈದೆಯರನ್ನೆಲ್ಲ ಕರೆದಿದ್ದರಂತೆ. ಬಾರದವರ ಮನೆಗೆ ತಾವೇ ಹೋದರಂತೆ. "ಒಳಗ ಬಳಿ ಸಪ್ಪಳ ಕೇಳಿ ನಿನ್ನ ಬಾಗಲಾ ಬಡದೆ. ಅರ್ಧಾ ತಗದು ಕೈ ಅಷ್ಟ ಚಾಚಿದ್ಲು. ಎಳ್ಳುಬೆಲ್ಲದ ಬಟ್ಟಲಾ ಕೊಟ್ಟೆ. ಕೈ ಭಾಳ ತಣ್ಣಗಿತ್ತು. ಪಾಪ, ಭಾಂಡಿ ತಿಕ್ಕಾಕತ್ತಿದ್ಲೋ ಏನೋ."

ನನ್ನ ಮನೆಯಲ್ಲಿ ಪಾತ್ರೆ ತೊಳೆಯುವವರು ಯಾರೂ ಇಲ್ಲವೆಂಬುದಕ್ಕೆ ನನ್ನ ಸಿಂಕೇ ಸಾಕ್ಷಿ. ಆದರೂ ಕ್ರಮವಾಗಿ ವಾದ ಹೂಡಿದೆ. ಎಲ್ಲ ಮಹಡಿಯ ಬಾಗಿಲೂ ಒಂದೇ ಬಣ್ಣ, ಲಿಫ್ಟಿನಲ್ಲಿ ಹತ್ತಿ ಇಳಿಯುವಾಗ ಮಹಡಿ ತಪ್ಪಿರಬಹುದು, ಪ್ಯಾಸೇಜಿನ ಬಲ್ಬು ಆಗ ಹೋಗಿತ್ತು, ಮೇಲಾಗಿ ನೀವು ನೋಡಿದ್ದು ಹೆಂಡತಿಯನ್ನಲ್ಲ, ಒಂದು ಕೈಯನ್ನು. ಕಾಕು ಪತ್ರವನ್ನು ನನ್ನ ಕೈಗೇ ವಾಪಸಿಟ್ಟರು.

"ಬಟ್ಟಲದ ಮ್ಯಾಲೆ ನನ್ನ ಹೆಸರು ಕೊರಿಸೇನಿ. ನಿನ್ನ ಮನ್ಯಾಗ ಅದು ಇಲ್ಲಂದ್ರ ನಾ ಮಹಡಿ ತಪ್ಪೇನಿ. ನೋಡಿ ಬಾ, ಸಹಿ ಮಾಡ್ತೀನಿ."

ನ್ಯಾಯವಾದ ಷರತ್ತು. ಹೋಗಿ ನೋಡಿದೆ. ಅಡುಗೆಕಟ್ಟೆಯ ಮೇಲೆ ಸ್ಟೀಲಿನ ಬಟ್ಟಲು ತೊಳೆದು ಕವುಚಿಟ್ಟಿತ್ತು. ತಳದಲ್ಲಿ ಕಾಕುವಿನ ಹೆಸರು. ಕೈಗೆ ನೀರು ಹತ್ತಿತು. ಬೆಳಗಿನಿಂದ ನಾನು ನಲ್ಲಿ ತಿರುಗಿಸಿರಲಿಲ್ಲ.

ಎದುರಾಳಿಗೆ ಬೇಕಾದ ಪುರಾವೆಯನ್ನು ನಾವಾಗಿ ಒದಗಿಸಬಾರದು ಎಂಬುದು ಚರ್ಚೆಯ ಮೊದಲ ಪಾಠ. ಕೈ ಒರೆಸಿಕೊಂಡು ಬಂದು, "ಇಲ್ಲ ಕಾಕು" ಎಂದೆ. ಕಾಕು ಒಂದು ಕ್ಷಣ ನನ್ನನ್ನು ನೋಡಿ, "ನನಗಽ ವಯಸ್ಸಾತು ಬಿಡು" ಎಂದು ಸಹಿ ಹಾಕಿದರು.

ಅನಿತಾಗೆ ಫೋನಿನಲ್ಲಿ ಕಾಕುವಿನ ಕತೆ ಹೇಳಿದೆ, ಬಟ್ಟಲಿನದು ಹೇಳಲಿಲ್ಲ. ಅವಳು ನಕ್ಕು, "ಪಾತ್ರೆ ತೊಳೀತಾಳೆ ಅಂದ್ರೆ ನಿನಗೆ ನನಗಿಂತ ಅವಳೇ ವಾಸಿ" ಎಂದಳು. ನಾನೂ ನಕ್ಕೆ; ಅಡುಗೆಮನೆಗೆ ಬೆನ್ನು ಹಾಕದೆ ನಕ್ಕೆ.

ಮೊಹರುಗಳೆಲ್ಲ ಬಿದ್ದು ಪತ್ರ ಕೈಸೇರಿದೆ. ಮದುವೆ ನಡೆಯುತ್ತದೆ. ನಾನು ಒಂಟಿ ಎಂದು ಎರಡು ಸರ್ಕಾರಗಳು ಹೇಳಿದ ಮೇಲೆ ಮೂರನೆಯ ಮಾತಿಲ್ಲ. ಆದರೆ ಅದನ್ನು ಹಿಡಿದು ಮನೆಗೆ ಬಂದ ಸಂಜೆ ಬೀಗಕ್ಕೆ ಕೀಲಿ ಹಾಕುವ ಮೊದಲು ಬೆಲ್ ಒತ್ತಿದೆ. ಯಾರೂ ತೆಗೆಯಲಿಲ್ಲ; ನನ್ನ ವಾದವೇ ಸರಿ. ಪ್ಯಾಸೇಜಿನಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ಪತ್ರವನ್ನು ಬೆನ್ನ ಹಿಂದೆ ಹಿಡಿದು, ಮುಚ್ಚಿದ ಬಾಗಿಲಿಗೆ ಮೆಲ್ಲಗೆ ಹೇಳಿದೆ: "ಇದು ಬರೀ ಫಾರ್ಮಾಲಿಟಿ. ಬೇಜಾರು ಮಾಡ್ಕೋಬೇಡಿ."