ಹತ್ತು ನಿಮಿಷ ತಡವಾಗಿ ಬಂದ ಮಾತು

“ಅಕ್ಕಾ, ಇನ್ಮೇಲೆ ನೀನು ಯೋಚನೆ ಮಾಡೋ ಕಷ್ಟಾನೇ ಇಲ್ಲ!” ಎನ್ನುತ್ತಾ ನೀಲಕಂಠ ಅಕ್ಕನ ಕಿವಿಯ ಹಿಂದೆ ಹುಣಸೆ ಬೀಜದಷ್ಟು ಪುಟ್ಟ ಯಂತ್ರವೊಂದನ್ನು ಅಂಟಿಸಿಯೇಬಿಟ್ಟ.

ತಿಪಟೂರಿನಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾದ ಅಂಬುಜಾಕ್ಷಿ ಟೀಚರ್, “ಊಟ ಆಯ್ತಾ?” ಎಂದು ಕೇಳಿದರೂ ಒಂದು ಗಳಿಗೆ ಯೋಚಿಸಿಯೇ ಉತ್ತರಿಸುವವರು. ಊರಿನವರು ಜಗಳ ಬಿಡಿಸಿಕೊಳ್ಳಲು ಅವರ ಮನೆಗೇ ಬರುತ್ತಿದ್ದರು. ಆದರೆ ತಮ್ಮನಿಗೆ ಮಾತ್ರ ಆ ನಿಧಾನವೊಂದು ಕಾಯಿಲೆ!

“ಮನಸ್ಸಿಗೆ ಮೊದಲು ಬಂದದ್ದನ್ನ ಇದು ನಿನ್ನ ದನಿಯಲ್ಲೇ ತಟ್ಟಂತ ಹೇಳುತ್ತೆ. ಏಳು ಹದಿನೇಳಲೆ?”

“ನೂರ ಹತ್ತೊಂಬತ್ತು!” ಎಂದಿತು ಯಂತ್ರ.

“ಹೇಗಿದೆ ನನ್ನ ಕೆಲಸ?”

“ಮಾಡೋಕೆ ಬೇರೆ ಕೆಲ್ಸ ಇಲ್ವಾ ನಿಂಗೆ?”

ಟೀಚರ್ ಗಾಬರಿಯಿಂದ ಬಾಯಿ ಮುಚ್ಚಿಕೊಂಡರು. ತುಟಿ ಅಲುಗಿಯೇ ಇರಲಿಲ್ಲ! ಕಿತ್ತುಹಾಕಲು ನೋಡಿದರೆ ಯಂತ್ರ ಜಪ್ಪಯ್ಯ ಅನ್ನಲಿಲ್ಲ.

ಅಷ್ಟರಲ್ಲಿ ಅವರ ಹಳೆಯ ಶಿಷ್ಯರಾದ ಮರುಳಯ್ಯ, ಪಂಚಾಕ್ಷರಿ ಒಳಗೆ ಬಂದರು. ಬಸ್ ಸ್ಟ್ಯಾಂಡಿನ ಹತ್ತಿರ ಇಡ್ಲಿ ಹೋಟೆಲು ನಡೆಸುವ ಅಣ್ಣತಮ್ಮಂದಿರು. ಇಬ್ಬರ ಮುಖವೂ ಊದಿಕೊಂಡಿತ್ತು.

“ಟೀಚರ್, ಇವ್ನು ಹೋಟ್ಲು ಭಾಗ ಮಾಡು ಅಂತಾನೆ. ನೀವೇ ಹೇಳಿ,” ಎಂದ ಅಣ್ಣ ಮರುಳಯ್ಯ.

“ಭಾಗ ಮಾಡ್ಕೊಂಡು ಹಾಳಾಗೋಗ್ರಿ! ನಿಮ್ಮ ಜಗಳ ಬಿಡಿಸಿ ಬಿಡಿಸಿ ನಂಗೂ ಸಾಕಾಗಿದೆ!”

ಯಂತ್ರ ಟೀಚರ ದನಿಯಲ್ಲೇ ಹೇಳಿಬಿಟ್ಟಿತ್ತು. ಆ ಮಾತು ಅವರ ಮನಸ್ಸಿನಲ್ಲಿ ಮಿಂಚಿದ್ದು ನಿಜ. ಆದರೆ ಅದರ ಹಿಂದೆಯೇ ಬರುತ್ತಿದ್ದ ಎರಡನೆಯ ಮಾತು, ಮೂರನೆಯ ಮಾತು? ಅವು ಹುಟ್ಟುವ ಮೊದಲೇ ಅನಾಹುತವಾಗಿತ್ತು!

“ಕೇಳಿದ್ಯಾ? ಟೀಚರೇ ಹೇಳ್ಬಿಟ್ರು!” ಎಂದು ಪಂಚಾಕ್ಷರಿ ಎದ್ದ.

“ಇವನದ್ದು ಸರೀನಾ ಟೀಚರ್?” ಎಂದ ಮರುಳಯ್ಯ.

“ಅವನು ಸೋಮಾರಿ, ನೀನು ಬಾಯಿಬಡುಕ!”

ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದುಕೊಂಡರು. ನೀಲಕಂಠ ಓಡಿಬಂದು ಯಂತ್ರದ ಸ್ಕ್ರೂ ತಿರುಗಿಸಿದ, ಅದೂ ಉಲ್ಟಾ! ಮರುಕ್ಷಣ ಮನೆಯೆಲ್ಲ ಸದ್ದಡಗಿತು. ಅಣ್ಣತಮ್ಮಂದಿರ ಬಾಯಿ ಅಲುಗುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು, ದನಿ ಮಾತ್ರ ಇಲ್ಲ! ನೀಲಕಂಠ ಪೇಪರಿನ ಅಂಚಿನ ಮೇಲೆ ಬರೆದ: “ಯಂತ್ರ ಮಾತನ್ನೆಲ್ಲ ಹೀರ್ಕೊತಿದೆ. ಹತ್ತು ನಿಮಿಷ ಬಿಟ್ಟು ವಾಪಸ್ ಕೊಡುತ್ತೆ.”

ಸದ್ದಿಲ್ಲದೆ ಎಷ್ಟು ಹೊತ್ತು ಬೈದಾಡಲು ಸಾಧ್ಯ? ಇಬ್ಬರೂ ಸುಸ್ತಾಗಿ ಕೂತರು. ಟೀಚರ್ ಮಜ್ಜಿಗೆ ತಂದಿಟ್ಟರು. ನೀಲಕಂಠ ಕೊಬ್ಬರಿ ಎಣ್ಣೆ ಸವರಿ ಯಂತ್ರವನ್ನು ಕಿತ್ತು, ಮೇಜಿನ ಮೇಲಿಟ್ಟು, ಸ್ಕ್ರೂ ಸರಿಮಾಡಿದ. ಹೀರುವುದು ನಿಂತಿತು. ಆದರೆ ಹೀರಿದ್ದು ಹೊರಗೆ ಬರಲೇಬೇಕಲ್ಲ! ಹತ್ತು ನಿಮಿಷ ತುಂಬಿತು.

“ಅಪ್ಪ ಸತ್ತಾಗ್ಲೂ ನೀನು ಗಲ್ಲಾ ಪೆಟ್ಟಿಗೆ ಬಿಟ್ಟು ಏಳಲಿಲ್ಲ ಕಣೋ!” ಎಂದು ಮೇಜು ಕಿರುಚಿತು. ಪಂಚಾಕ್ಷರಿಯ ದನಿ.

“ನೀನು ನಮ್ಮನೇಲಿ ಹುಟ್ಟಲೇಬಾರದಿತ್ತು!” ಮರುಳಯ್ಯನ ದನಿ.

ಮರುಳಯ್ಯ ಲೋಟ ಕೆಳಗಿಟ್ಟ. “ನಾ… ನಾನಾ ಇದನ್ನ ಅಂದಿದ್ದು?”

“ನಂಗೆ ಆಗ ಕೇಳಿಸಿರಲಿಲ್ಲ ಬಿಡಣ್ಣ,” ಎಂದ ಪಂಚಾಕ್ಷರಿ, ತಲೆ ತಗ್ಗಿಸಿ. “ನಾನು ಅಂದಿದ್ದೂ ತಪ್ಪೇ.” ಆಮೇಲೆ ಮೆಲ್ಲಗೆ, “ಟೀಚರ್, ಈಗ ನಿಜವಾಗಿ ಹೇಳಿ. ಏನ್ಮಾಡೋಣ?”

ಟೀಚರ್ ಯೋಚಿಸಿದರು. ಗೋಡೆ ಗಡಿಯಾರ ಟಿಕ್ ಟಿಕ್ ಎಂದಿತು. ಯಾರೂ ಅವಸರ ಮಾಡಲಿಲ್ಲ.

“ನನ್ನ ಬಾಯಲ್ಲೂ ಕೆಟ್ಟ ಮಾತು ಬಂತು, ಮನಸ್ಸಿಗೆ ಹಚ್ಕೋಬೇಡಿ. ಭಾಗದ ಮಾತು ಇವತ್ತು ಬೇಡ. ಶುಕ್ರವಾರ ಬನ್ನಿ. ಬರೋವಾಗ ಒಂದೇ ಗಾಡೀಲಿ ಬನ್ನಿ.”

ಅವರು ಇನ್ನೂ ಚಪ್ಪಲಿ ಮೆಟ್ಟುತ್ತಿದ್ದಾಗಲೇ ಮೇಜು ಮತ್ತೆ ಅಬ್ಬರಿಸಿತು: “ಸೊಪ್ಪೋ ಸೊಪ್ಪೂ! ದಂಟು, ಮೆಂತ್ಯ, ಸಬ್ಬಸ್ಗೇ!”

ಯಂತ್ರ ಬೀದಿಯ ಸದ್ದನ್ನೂ ಹೀರಿತ್ತು! ಸೊಪ್ಪಿನವಳು ಕೂಗಿದ್ದು ಯಾರಿಗೂ ಕೇಳಿಸದೆ ಅವಳು ಮುಂದಿನ ಬೀದಿಗೆ ಹೋಗಿಯಾಗಿತ್ತು. ಎರಡೇ ನಿಮಿಷದಲ್ಲಿ ಟೀಚರ ಬಾಗಿಲ ಮುಂದೆ ಏಳೆಂಟು ಹೆಂಗಸರು ಚೀಲ ಹಿಡಿದು ನಿಂತರು.

“ಅಕ್ಕಾ! ಇವರಿಗೇನು ಹೇಳ್ಲಿ?” ನೀಲಕಂಠ ಬೆವತುಹೋದ.

ಅಂಬುಜಾಕ್ಷಿ ಟೀಚರ್ ಚೆನ್ನಾಗಿ ಯೋಚಿಸಿ ಹೇಳಿದರು: “ಸೊಪ್ಪೆಲ್ಲ ಮುಗೀತು ಅನ್ನು.”