ನಮ್ಮ ಬ್ರೌಸರು ಯಾರನ್ನೂ ನಂಬದ ದಿನ

ನಮ್ಮ ಮನೆಯಲ್ಲಿ ಕಂಪ್ಯೂಟರ್ ಬಲ್ಲವನು ನಾನು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮನೆಯಲ್ಲಿರುವವರು ಇಬ್ಬರೇ, ನಾನು ಮತ್ತು ನನ್ನ ಹೆಂಡತಿ ಉಷಾ. ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದಾಳೆ. ಇಬ್ಬರಲ್ಲಿ ಒಬ್ಬರು ಬಲ್ಲವರಾಗಬೇಕು, ಇನ್ನೊಬ್ಬರು ಕೇಳಿಕೊಂಡಿರಬೇಕು, ಸಂಸಾರ ನಡೆಯುವುದೇ ಹಾಗೆ. ನಮ್ಮಲ್ಲಿ ಅಡುಗೆ, ನೆಂಟರ ಹೆಸರು, ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ, ಯಾರ ಮನೆಗೆ ಎಷ್ಟು ಹೊತ್ತಿಗೆ ಹೋದರೆ ಕಾಫಿ ಸಿಗುತ್ತದೆ, ಇವೆಲ್ಲವನ್ನೂ ಬಲ್ಲವಳು ಅವಳೇ. ಹಾಗಾಗಿ ಎನ್.ಆರ್. ಕಾಲೋನಿಯ ನಮ್ಮ ಮನೆಗೆ ಕಂಪ್ಯೂಟರ್ ಬಂದ ದಿನ, ಈ ಒಂದು ಹುದ್ದೆಯನ್ನಾದರೂ ಕೈಬಿಡಬಾರದೆಂದು ಹಾರಿ ಹಿಡಿದುಕೊಂಡೆ. ನನಗೆ ಯೋಗ್ಯತೆ ಇರಲಿಲ್ಲವೆಂದಲ್ಲ. ನಾನು ಕೆಲಸ ಮಾಡುವ ವಿಮಾ ಕಚೇರಿಯಲ್ಲಿ ಮೂರು ದಿನದ ತರಬೇತಿ ಕೊಟ್ಟಿದ್ದರು. ಮೊದಲನೆಯ ದಿನ ಮೌಸ್ ಹಿಡಿಯುವುದನ್ನು ಕಲಿಸಿದರು, ಎರಡನೆಯ ದಿನ ಊಟ ಬಹಳ ಚೆನ್ನಾಗಿತ್ತು, ಮೂರನೆಯ ದಿನ ಸರ್ಟಿಫಿಕೇಟ್ ಕೊಟ್ಟರು. ಅದಕ್ಕೆ ಕಟ್ಟು ಹಾಕಿಸಿ ಕಂಪ್ಯೂಟರಿನ ಮೇಲಿನ ಗೋಡೆಗೇ ನೇತುಹಾಕಿದ್ದೇನೆ.

ಉಷಾಳ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಮದುವೆಯಾದಾಗ ಅವಳು ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಅದು ಅಲ್ಲಿಗೇ ನಿಂತಿತು. ಯಾರಾದರೂ ಕೇಳಿದರೆ 'ಕೌಟುಂಬಿಕ ಕಾರಣಗಳು' ಎಂದು ನಾನೇ ಗಂಭೀರವಾಗಿ ಉತ್ತರ ಕೊಡುತ್ತಿದ್ದೆ. ಮಗಳು ಕಾಲೇಜು ಸೇರಿದ ವರ್ಷ ಅವಳು ಯಾರಿಗೂ ಹೇಳದೆ ಕೇಳದೆ ದೂರಶಿಕ್ಷಣದಲ್ಲಿ ಹೊಸದಾಗಿ ಬಿ.ಎ.ಗೆ ಹೆಸರು ನೋಂದಾಯಿಸಿ ಬಂದಳು. ಕುಕ್ಕರ್ ಮೂರು ಸಲ ಕೂಗುವುದರೊಳಗೆ ಅರ್ಥಶಾಸ್ತ್ರದ ಒಂದು ಪಾಠ ಮುಗಿಸುತ್ತಾಳೆ. ನಾಲ್ಕನೆಯ ಸಲ ಕೂಗಿದರೆ ಆ ಪಾಠ ಕಷ್ಟದ್ದು, ಅನ್ನ ಮುದ್ದೆಯಾಗಿದೆ ಎಂದು ನಾನೇ ತಿಳಿದುಕೊಳ್ಳಬೇಕು. ಹೀಗೆ ಎರಡು ವರ್ಷ ಪಾಸಾಗಿ ಕೊನೆಯ ವರ್ಷಕ್ಕೆ ಬಂದಿದ್ದಳು. ಆ ವರ್ಷದಿಂದ ಪರೀಕ್ಷೆಯ ಅರ್ಜಿಯನ್ನು ಇಂಟರ್ನೆಟ್ಟಿನಲ್ಲೇ ಹಾಕಬೇಕೆಂದು ನಿಯಮವಾಯಿತು. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು. ಅವಳು ಹದಿನೈದು ದಿನ ಮೊದಲೇ ಜ್ಞಾಪಿಸಿದಳು. "ಹತ್ತು ನಿಮಿಷದ ಕೆಲಸ ಕಣೇ, ಮನೇಲೇ ಕಂಪ್ಯೂಟರ್ ಇದೆ, ನಾನಿದೀನಿ, ಅವಸರ ಏನು" ಎಂದೆ. ಪ್ರತಿ ಎರಡು ದಿನಕ್ಕೊಮ್ಮೆ ಅವಳು ಜ್ಞಾಪಿಸುವುದು, ನಾನು ಅದೇ ಉತ್ತರ ಕೊಡುವುದು. ಕೊನೆಗೆ ಕೊನೆಯ ದಿನ ಬಂತು. ಸಂಜೆ ಐದಕ್ಕೆ ಬಾಗಿಲು ಮುಚ್ಚುತ್ತದೆ ಎಂದು ಪ್ರಕಟಣೆಯಲ್ಲಿ ಹೇಳಿದ್ದರು. ನಾನು ಅರ್ಧ ದಿನ ರಜೆ ಹಾಕಿ, ಮಧ್ಯಾಹ್ನ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಎರಡೂವರೆಗೆ ಕಂಪ್ಯೂಟರಿನ ಮುಂದೆ ಕುಳಿತೆ. ಉಷಾ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಅಂಕಪಟ್ಟಿಗಳ ಪ್ಲಾಸ್ಟಿಕ್ ಕವರನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು.

ಮೊದಲು ವೈರಸ್ ತಡೆಯುವ ಸಾಫ್ಟ್‌ವೇರ್ ಕೆಂಪಗೆ ಕಾಣಿಸಿಕೊಂಡು, ನಿಮ್ಮ ಅವಧಿ ಮುಗಿದಿದೆ ಎಂದಿತು. ನಾಲ್ಕು ತಿಂಗಳ ಹಿಂದಷ್ಟೇ ಅವೆನ್ಯೂ ರಸ್ತೆಯ ಪಕ್ಕದ ಗಲ್ಲಿಯಲ್ಲಿ ಒಂದು ವರ್ಷದ್ದು ಎಂದು ಕೊಂಡು ತಂದಿದ್ದೆ. ಆ ಅಂಗಡಿಯವನಿಗೆ ಅಲ್ಲಿಂದಲೇ ಫೋನ್ ಮಾಡಿ, "ಏನ್ರೀ, ವರ್ಷ ಅಂದ್ರೆ ನಿಮ್ಮಲ್ಲಿ ನಾಲ್ಕೇ ತಿಂಗಳಾ?" ಎಂದು ಐದು ನಿಮಿಷ ತರಾಟೆಗೆ ತೆಗೆದುಕೊಂಡೆ. ಪಾಪ, ಅವನು "ನಾಳೆ ತಗೊಂಡ್ಬನ್ನಿ ಸಾರ್, ನೋಡೋಣ" ಎಂದ. ಉಷಾಳ ಮುಂದೆ ಜೋರು ಮಾಡಿದ್ದು ನನಗೂ ಒಳ್ಳೆಯ ಶುಭಾರಂಭವೆನಿಸಿತು.

ಆಮೇಲೆ ಅರ್ಜಿಯ ವಿಳಾಸ ಟೈಪ್ ಮಾಡಿದೆ. ಅರ್ಜಿ ಬರುವ ಬದಲು ಒಂದು ಎಚ್ಚರಿಕೆ ಬಂತು. ಈ ವೆಬ್‌ಸೈಟಿನ ಜೊತೆ ಸುರಕ್ಷಿತ ಸಂಪರ್ಕ ಸಾಧ್ಯವಾಗುತ್ತಿಲ್ಲ, ಇದರ ಭದ್ರತಾ ಸರ್ಟಿಫಿಕೇಟಿನಲ್ಲಿ ತೊಂದರೆ ಇದೆ, ಈ ಪುಟ ಮುಚ್ಚಿಬಿಡುವುದು ಒಳ್ಳೆಯದು ಎಂದು ಇಂಗ್ಲಿಷಿನಲ್ಲಿ ಬುದ್ಧಿವಾದ. ವೆಬ್‌ಸೈಟುಗಳಿಗೂ ಸರ್ಟಿಫಿಕೇಟ್ ಇರುತ್ತದೆ ಎಂಬುದು ನನಗೆ ಹೊಸ ಸುದ್ದಿ. ಅದಕ್ಕೂ ಮೂರು ದಿನದ ತರಬೇತಿ ಕೊಡುತ್ತಾರೇನೋ ಎಂದುಕೊಂಡೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ಆದರೂ ಮುಂದುವರಿಯಬಹುದು, ಆದರೆ ನಮ್ಮ ಸಲಹೆ ಬೇಡ ಎಂದೇ' ಎನ್ನುವ ಅರ್ಥದ ಒಂದು ಸಾಲಿತ್ತು. ನಾನು ಒತ್ತಲು ಹೋದೆ. ಉಷಾ ಕೈ ಹಿಡಿದುಕೊಂಡಳು.

"ಬೇಡ ಅಂತ ಅದೇ ಹೇಳ್ತಿದೆಯಲ್ರೀ. ನನ್ನ ಮಾರ್ಕ್ಸ್ ಕಾರ್ಡು, ಫೋಟೋ, ಪಾಸ್‌ವರ್ಡು ಎಲ್ಲ ಯಾರ ಕೈಗೋ ಹೋದ್ರೆ?"

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಅದೇ ನನಗೆ ಸಿಟ್ಟು ಬರಿಸಿದ್ದು. ಬಲ್ಲವನು ನಾನೋ ಅವಳೋ? ಬ್ರೌಸರ್ ಮುಚ್ಚಿ ತೆರೆದೆ. ಕಂಪ್ಯೂಟರನ್ನೇ ಆರಿಸಿ ಹಚ್ಚಿದೆ. ಮೋಡೆಮಿನ ವೈರು ಕಿತ್ತು, ಪಂಚೆಯ ತುದಿಯಿಂದ ಒರೆಸಿ, ಉಫ್ ಎಂದು ಊದಿ ಮತ್ತೆ ಸಿಕ್ಕಿಸಿದೆ. ಬೇರೆ ಪುಟಗಳು ತೆರೆಯುತ್ತವೆಯೋ ಎಂದು ನೋಡಿದರೆ ಸುದ್ದಿ, ಕ್ರಿಕೆಟ್ಟು, ರಾಶಿಫಲ ಎಲ್ಲವೂ ಸರಾಗವಾಗಿ ಬಂದವು. ಬೀಗದ ಗುರುತಿರುವ ಪುಟ ಯಾವುದನ್ನು ತೆರೆದರೂ ಮಾತ್ರ ಅದೇ ಎಚ್ಚರಿಕೆ. ನನ್ನ ಬ್ಯಾಂಕನ್ನೂ ನಂಬಲಿಲ್ಲ, ಇಮೇಲನ್ನೂ ನಂಬಲಿಲ್ಲ. ನನ್ನ ರಾಶಿಯಲ್ಲಿ 'ಮನೆಯವರಿಂದ ಮನ್ನಣೆ' ಎಂದು ಬರೆದಿತ್ತು. ಮೂರೂಕಾಲು ಆಗಿತ್ತು.

ಎದುರು ಮನೆಯ ನಾಗರಾಜಯ್ಯನವರು ಅಷ್ಟರಲ್ಲಿ ಪೇಪರ್ ವಾಪಸು ಕೊಡುವ ನೆವದಲ್ಲಿ ಬಂದರು. ಅವರಿಗೆ ನಮ್ಮ ಮನೆಯಲ್ಲಿ ತೊಂದರೆಯಾದರೆ ಅದು ಹೇಗೋ ಗೊತ್ತಾಗಿಬಿಡುತ್ತದೆ. ಕನ್ನಡಕ ಮೇಲೇರಿಸಿ ತೆರೆಯನ್ನು ನೋಡಿ, "ಕುಕ್ಕೀಸ್ ಜಾಸ್ತಿ ಆಗಿರತ್ತೆ, ಅಳಿಸಿಬಿಡಿ" ಎಂದರು. ಕುಕ್ಕೀಸ್ ಎಂದರೇನೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಹಾಗಾಗಿ ಮಾತು ಬಹಳ ತಜ್ಞರ ಮಟ್ಟದಲ್ಲಿ ನಡೆಯಿತು. ಅಳಿಸಿದೆವು. ಎಚ್ಚರಿಕೆ ಅಲ್ಲಾಡಲಿಲ್ಲ, ನನ್ನ ಉಳಿಸಿಟ್ಟ ಪಾಸ್‌ವರ್ಡುಗಳು ಮಾತ್ರ ಹೋದವು. ನಾಗರಾಜಯ್ಯನವರು "ಹಾಗಾದ್ರೆ ಇದು ದೊಡ್ಡ ಪ್ರಾಬ್ಲಮ್ಮೇ" ಎಂದು ತೀರ್ಪು ಕೊಟ್ಟು, ಕಾಫಿ ಕುಡಿದು ಹೊರಟರು.

ಉಷಾ ಗಡಿಯಾರ ನೋಡಿದಳು. "ಗಾಂಧಿ ಬಜಾರಲ್ಲಿ ಸೈಬರ್ ಸೆಂಟರ್ ಇದೆಯಲ್ಲ, ನಾನು ಅಲ್ಲಿಗೇ ಹೋಗ್ಬಂದ್ಬಿಡ್ತೀನಿ" ಎಂದಳು. ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ಗೋಡೆಯ ಮೇಲೆ ನನ್ನ ಸರ್ಟಿಫಿಕೇಟ್ ನೇತಾಡುತ್ತಿರುವಾಗ, ನನ್ನ ಹೆಂಡತಿ ಸೈಬರ್ ಸೆಂಟರಿನ ಬೆಂಚಿನಲ್ಲಿ ಸರದಿ ಕಾಯುವುದೇ? "ಇನ್ನೊಂದು ಹತ್ತು ನಿಮಿಷ ಇರು" ಎಂದೆ. ಅವಳು ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದು, ಕವರ್ ಕೈಯಲ್ಲಿ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಳು. ಅವಳು ಸಿಟ್ಟು ಮಾಡಿದ್ದರೆ ನನಗೆ ಎಷ್ಟೋ ಹಿತವಾಗುತ್ತಿತ್ತು. ಮರ್ಯಾದೆ ಬಿಟ್ಟು ಇಂಟರ್ನೆಟ್ ಕೊಟ್ಟವರ ಸಹಾಯವಾಣಿಗೆ ಫೋನ್ ಮಾಡಿದೆ. ಬಹಳ ಹೊತ್ತು ವೀಣೆ ಕೇಳಿಸಿ, ಆಮೇಲೆ ಒಬ್ಬ ಹೆಣ್ಣುಮಗಳು ಬಂದಳು.

ನಾನು ನಡೆದದ್ದನ್ನೆಲ್ಲ, ನನ್ನ ತರಬೇತಿಯಿಂದ ಹಿಡಿದು, ವಿವರಿಸಿದೆ. ಅವಳು ಸಮಾಧಾನವಾಗಿ ಕೇಳಿ, "ಸರ್, ಕೆಳಗಡೆ ಬಲಗಡೆ ಟೈಮ್ ತೋರಿಸ್ತಿದೆಯಲ್ಲ, ಅದ್ರ ಮೇಲೆ ಮೌಸ್ ಇಡಿ. ಒತ್ತಬೇಡಿ, ಸುಮ್ನೆ ಇಡಿ. ಏನು ಡೇಟ್ ಬರ್ತಿದೆ?" ಎಂದಳು.

ಇಟ್ಟೆ. ಸಣ್ಣ ಹಳದಿ ಚೀಟಿಯೊಂದು ತೆರೆದುಕೊಂಡಿತು. ಎರಡು ವರ್ಷ ಆಚೆಯ ಫೆಬ್ರವರಿ ತಿಂಗಳು, ಭಾನುವಾರ.

"ಅದಕ್ಕೇ ಸರ್. ನಿಮ್ ಕಂಪ್ಯೂಟರ್ ಎರಡು ವರ್ಷ ಮುಂದೆ ಇದೆ. ಆ ಸೈಟಿನ ಸರ್ಟಿಫಿಕೇಟ್ ಅಷ್ಟೊತ್ತಿಗೆ ಮುಗಿದಿರತ್ತಲ್ಲ, ಹಾಗಾಗಿ ನಂಬ್ತಾ ಇಲ್ಲ. ಡೇಟ್ ಸರಿ ಮಾಡಿ, ಎಲ್ಲ ಸರಿಹೋಗತ್ತೆ. ಬ್ಯಾಟರಿ ವೀಕ್ ಆಗಿದ್ರೂ ಹೀಗಾಗತ್ತೆ, ಇಲ್ಲ ಯಾರಾದ್ರೂ ಕೈಯಾಡಿಸಿದ್ರೂ ಆಗತ್ತೆ."

ಓದುಗರೇ, ಇಲ್ಲಿ ನಿಮ್ಮ ಹತ್ತಿರ ನಿಜ ಹೇಳಿಬಿಡುತ್ತೇನೆ. ನಮ್ಮ ಕಡೆ ಮದುವೆಯೆಂದರೆ ಮೊದಲು ಛತ್ರ ಹಿಡಿಯಬೇಕು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಒಳ್ಳೆಯ ಛತ್ರಗಳು ಭಾನುವಾರಗಳಿಗೆ ವರ್ಷಗಟ್ಟಲೆ ಮೊದಲೇ ತುಂಬಿಹೋಗುತ್ತವೆ. ಪುರೋಹಿತರು ತಾರೀಖು ಹೇಳುತ್ತಾರೆ. ಅದು ಭಾನುವಾರವೋ ಅಲ್ಲವೋ ನೋಡಲು ಗೋಡೆಯ ಕ್ಯಾಲೆಂಡರ್ ಡಿಸೆಂಬರಿಗೇ ಮುಗಿದುಹೋಗುತ್ತದೆ. ಕಂಪ್ಯೂಟರಿನ ಗಡಿಯಾರವನ್ನು ಎರಡು ಸಲ ಒತ್ತಿದರೆ ಮಾತ್ರ ಎಂದೂ ಮುಗಿಯದ ಕ್ಯಾಲೆಂಡರ್ ಬಿಚ್ಚಿಕೊಳ್ಳುತ್ತದೆ. ಇದನ್ನು ನಾನು ಕಂಡುಹಿಡಿದಾಗಿನಿಂದ ನೆಂಟರಿಷ್ಟರಿಗೆಲ್ಲ ವಾರ ನೋಡಿಕೊಡುವವನು ನಾನೇ. ಹಿಂದಿನ ದಿನ ಮಲ್ಲೇಶ್ವರದಿಂದ ತಂಗಿ ವತ್ಸಲಾ ಫೋನ್ ಮಾಡಿ ಮಗಳ ಮದುವೆಗೆ ಒಂದು ತಾರೀಖು ಕೊಟ್ಟಿದ್ದಳು. ನೋಡಿದೆ, ಭಾನುವಾರವೇ ಬಂತು. ನೋಡಿಯಾದ ಮೇಲೆ ಆ ಕಿಟಕಿ ಮುಚ್ಚಬೇಕಲ್ಲ? ಅದರಲ್ಲಿ ಎರಡು ಗುಂಡಿಗಳು, ಒಂದು ಓಕೆ, ಇನ್ನೊಂದು ಕ್ಯಾನ್ಸಲ್. ಒಂದು ಹೆಣ್ಣುಮಗುವಿನ ಮದುವೆಯ ಮುಹೂರ್ತವನ್ನು ತೆರೆದಿಟ್ಟುಕೊಂಡು, ಸೋದರಮಾವನಾದವನು ಕೈಯಾರೆ ಕ್ಯಾನ್ಸಲ್ ಎಂದು ಒತ್ತುವುದುಂಟೇ? ಬಿಡ್ತು ಅನ್ನಿ. ನಾನು ಮನಸ್ಸಿನಲ್ಲೇ ಹರಸಿ ಓಕೆ ಒತ್ತಿದ್ದೆ, ಕಂಪ್ಯೂಟರ್ ಅದನ್ನೇ ಇವತ್ತಿನ ತಾರೀಖೆಂದು ನಂಬಿಕೊಂಡಿತ್ತು. ಈ ಮೊದಲು ನೋಡಿಕೊಟ್ಟ ತಾರೀಖುಗಳೆಲ್ಲ ಒಂದೆರಡು ತಿಂಗಳು ಆಚೆಯವಾದ್ದರಿಂದ ಯಾವ ಸರ್ಟಿಫಿಕೇಟೂ ಕೆಟ್ಟಿರಲಿಲ್ಲ ಎಂದು ಕಾಣುತ್ತದೆ.

"ಏನಂತೆ?" ಎಂದಳು ಉಷಾ, ಬಾಗಿಲಿನಿಂದಲೇ.

"ಬ್ಯಾಟರಿಯಂತೆ" ಎಂದೆ.

ಉಷಾ ಹತ್ತಿರ ಬಂದು ನೋಡುತ್ತಿದ್ದಂತೆ, ಎರಡು ವರ್ಷ ಆಚೆಯ ಆ ಫೆಬ್ರವರಿಯನ್ನು ಇವತ್ತಿನ ತಾರೀಖಿಗೆ ತಂದೆ. ಪುಟ ತೆರೆಯಿತು, ಮೂಲೆಯಲ್ಲಿ ಪುಟ್ಟ ಬೀಗವೂ ಕಾಣಿಸಿತು. ನಾಲ್ಕು ಗಂಟೆ ಆಗಿತ್ತು. ನಾನು ತುಂಬಿಸಿಕೊಡುತ್ತೇನೆಂದರೆ ಉಷಾ, "ನೀವು ಸ್ವಲ್ಪ ಆ ಕಡೆ ಕೂತ್ಕೊಳ್ಳಿ" ಎಂದು ನನ್ನ ಕುರ್ಚಿಯಲ್ಲಿ ಕುಳಿತಳು. ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಪ್ರತಿ ಸಾಲನ್ನೂ ಎರಡೆರಡು ಸಲ ಓದಿದಳು. ನಾನು ಸ್ಟೂಲಿನ ಮೇಲೆ ಉಸಿರು ಬಿಗಿಹಿಡಿದು ಕುಳಿತಿದ್ದೆ. ಐದಕ್ಕೆ ಹತ್ತು ನಿಮಿಷವಿರುವಾಗ 'ನಿಮ್ಮ ಅರ್ಜಿ ಸ್ವೀಕರಿಸಲಾಗಿದೆ' ಎಂಬ ಸಾಲು ಬಂತು. ಅವಳು ಕ್ರಮಸಂಖ್ಯೆಯನ್ನು ಮೂರು ಕಡೆ ಬರೆದಿಟ್ಟುಕೊಂಡು, ಕಣ್ಣೊರೆಸಿಕೊಂಡಳು. ಇವಳ ಪಾಲಿಗೆ ಇದೆಷ್ಟು ದೊಡ್ಡದು ಎಂದು ನಾನು ಹದಿನೈದು ದಿನದಲ್ಲಿ ಒಂದು ಸಲವೂ ಯೋಚಿಸಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಫೋನ್ ಬಡಿದುಕೊಂಡಿತು, ಉಷಾ ಎತ್ತಿಕೊಂಡಳು. ವತ್ಸಲಾ. ಅವಳ ಧ್ವನಿ ಮಲ್ಲೇಶ್ವರದಿಂದ ಫೋನಿಲ್ಲದೆಯೂ ಕೇಳಿಸುವಂಥದ್ದು.

"ಅತ್ತಿಗೇ, ನಿನ್ನೆ ಅಣ್ಣ ಕಂಪ್ಯೂಟರಲ್ಲಿ ನೋಡಿ ಎರಡು ವರ್ಷ ಬಿಟ್ಟು ಫೆಬ್ರವರಿಲಿ ಭಾನುವಾರ ಬರತ್ತೆ ಅಂದ್ನಲ್ಲ, ಇವತ್ತು ಹೋಗಿ ಛತ್ರ ಬುಕ್ ಮಾಡ್ಕೊಂಡು ಬಂದ್ಬಿಟ್ಟೆ. ಇನ್ನು ಹುಡುಗನ್ನ ಹುಡುಕೋದೊಂದೇ ಬಾಕಿ. ಉಗ್ರಾಣ ಮಾತ್ರ ನೀವೇ ನೋಡ್ಕೋಬೇಕು, ಆ ವಾರ ಎಲ್ಲೂ ಹೋಗ್ಬೇಡಿ."

ಉಷಾ ರಿಸೀವರಿನ ಮೇಲೆ ಕೈ ಮುಚ್ಚಿ ನನ್ನ ಕಡೆ ತಿರುಗಿದಳು.

"ಬ್ಯಾಟರಿ" ಎಂದಳು.

ನಾನು ಗೋಡೆ ನೋಡಿದೆ.

"ನಮ್ಮ ಮದುವೆಗೂ ನಿಮ್ಮನೆಯವರೇ ಮುಹೂರ್ತ ನೋಡಿದ್ದು. ಸರಿಯಾಗಿ ನನ್ನ ಕೊನೇ ಪೇಪರಿನ ದಿನ. ಒಂದು ವಾರ ಮುಂದಕ್ಕೆ ಹಾಕಿ ಅಂತ ನಮ್ಮಪ್ಪ ಕೇಳ್ಕೊಂಡ್ರು. ಪರೀಕ್ಷೆ ಮುಂದಿನ ವರ್ಷವೂ ಬರತ್ತೆ, ಛತ್ರ ಸಿಗಲ್ಲ ಅಂದ್ಬಿಟ್ರು."

"ನಮ್ಮಪ್ಪ ಸ್ವಲ್ಪ ಹಟಮಾರಿ ಕಣೇ, ಏನ್ಮಾಡೋದು" ಎಂದೆ, ತೀರಿಕೊಂಡ ತಂದೆಯ ತಲೆಗೆ ಕಟ್ಟಿ.

"ಮಾವನವರು ಒಪ್ಪಿದ್ರು. ಆ ಮಾತು ಅಂದಿದ್ದು ನೀವು" ಎಂದಳು ಉಷಾ. ಸಿಟ್ಟಿಲ್ಲ, ಏನಿಲ್ಲ, ಅಂಕಪಟ್ಟಿ ಓದಿದ ಹಾಗೆ ಹೇಳಿದಳು. ಇಪ್ಪತ್ತು ಚಿಲ್ಲರೆ ವರ್ಷ ಊರಿಗೆಲ್ಲ ನಾನು ಹೇಳುತ್ತ ಬಂದ ಕೌಟುಂಬಿಕ ಕಾರಣ ನಾನೇ ಎಂದು ಅವತ್ತು ತಿಳಿಯಿತು. ನಾಚಿಕೆಯಾಯಿತು. ಏನಾದರೂ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅವಳು ರಿಸೀವರನ್ನು ನನ್ನ ಕೈಗಿಟ್ಟಳು. "ಎರಡು ವರ್ಷ ಆದ್ಮೇಲೆ ನನ್ನ ಎಂ.ಎ. ಪರೀಕ್ಷೆ ಇರತ್ತೆ. ನಾನು ಬರಕ್ಕಾಗಲ್ಲ ಅಂತ ನೀವೇ ಹೇಳಿ" ಎಂದಳು.

ಹೇಳಿದೆ. ವತ್ಸಲಾ "ಅಯ್ಯೋ, ಅಣ್ಣಾ, ಹಾಗಾದ್ರೆ ಉಗ್ರಾಣದಲ್ಲಿ ಯಾರು ಕೂತ್ಕೋತಾರೆ?" ಎಂದಳು. ಉಷಾ ಪುಸ್ತಕ ತೆಗೆದುಕೊಂಡು ನನ್ನ ಕುರ್ಚಿಯಲ್ಲೇ ಕುಳಿತಿದ್ದವಳು ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು.

"ನಾನೇ ಕಣೇ" ಎಂದೆ.

ವತ್ಸಲಾಳ ಮಗಳಿಗೆ ಹುಡುಗ ಇನ್ನೂ ಸಿಕ್ಕಿಲ್ಲ. ಉಗ್ರಾಣಕ್ಕೆ ಮಾತ್ರ ಆಳು ಗೊತ್ತಾಗಿದ್ದಾನೆ.