ನಾನು ಗ್ರಂಥಕರ್ತರನ್ನು ಕಂಡದ್ದು

ಹೆಂಗಸರಿಗೆ ಇರಬಾರದ ಆಸೆಗಳು ಯಾವುವೆಂಬುದು ನಮ್ಮತ್ತೆಗೆ ಬಾಯಿಪಾಠವಾಗಿತ್ತು. ಬೀದಿಬಾಗಿಲಲ್ಲಿ ನಿಲ್ಲುವ ಆಸೆ, ಮಧ್ಯಾಹ್ನ ಮಲಗುವ ಆಸೆ, ಕರೆಯದಿದ್ದರೂ ತವರಿಗೆ ಹೋಗುವ ಆಸೆ, ಹೀಗೆ ಅದು ಉದ್ದಕ್ಕೆ ಸಾಗುತ್ತಿತ್ತು. ಆದರೆ ಗ್ರಂಥಕರ್ತರನ್ನು ಕಣ್ಣಾರೆ ನೋಡುವ ಆಸೆ ಅದರಲ್ಲಿ ಇರಲಿಲ್ಲ. ಅಂಥದೊಂದು ಆಸೆ ಹೆಂಗಸಿಗೆ ಹುಟ್ಟೀತೆಂದು ಪಾಪ ಅವರಿಗೆ ಹೊಳೆದೇ ಇರಲಿಲ್ಲ. ಹಾಗಾಗಿ ನಾನು ಅದನ್ನು ಯಾರ ಅಡ್ಡಿಯೂ ಇಲ್ಲದೆ ಬೆಳೆಸಿಕೊಂಡೆ. ನೀರು ಹಾಕುವವರಿಲ್ಲದಿದ್ದರೂ ಹಿತ್ತಲ ಕುಂಬಳಬಳ್ಳಿ ಹಬ್ಬುವ ಹಾಗೆ ಅದು ಹಬ್ಬಿತು.

ನಮ್ಮಪ್ಪ ಅರಕಲಗೂಡಿನಲ್ಲಿ ಸ್ಕೂಲು ಮೇಷ್ಟರು. ಗಂಡುಮಕ್ಕಳಿಲ್ಲದ ಕೊರಗನ್ನು ನನ್ನ ಮೇಲೆ ತೀರಿಸಿಕೊಂಡು ಲೋವರ್ ಸೆಕೆಂಡರಿ ಪಾಸು ಮಾಡಿಸಿ, ಆಮೇಲೆ ಹೊಳೆನರಸೀಪುರದ ಜವಳಿ ಅಂಗಡಿಯ ಮನೆಗೆ ಕೊಟ್ಟರು. ನಮ್ಮವರು ಬಹಳ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವುದಕ್ಕೆ ಜಾಗ ಸಿಗುತ್ತದೋ ಇಲ್ಲವೋ. ಅವರು ನನ್ನನ್ನು ಒಂದು ದಿನವೂ ಗದರಿಸಿದವರಲ್ಲ, ಒಂದು ದಿನವೂ ಪುಸ್ತಕ ಓದಿದವರೂ ಅಲ್ಲ. ಆದರೂ ನಮ್ಮ ಸೀಮೆಯಲ್ಲಿ ಹೊಸ ಪುಸ್ತಕ ಬಿಡುಗಡೆ ಎಂದರೆ ಅಧ್ಯಕ್ಷರು ಅವರೇ.

ಇದಕ್ಕೊಂದು ಕಾರಣವಿತ್ತು. ಆಗೆಲ್ಲ ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಪ್ರಕಾಶಕರು ಒಂದು ಟ್ರಂಕಿನ ತುಂಬ ಹೊಸ ಪುಸ್ತಕ ತುಂಬಿಕೊಂಡು, ಜೊತೆಗೊಬ್ಬ ಗ್ರಂಥಕರ್ತರನ್ನೂ ಕರೆದುಕೊಂಡು ಊರೂರಿಗೆ ಬರುತ್ತಿದ್ದರು. ಪುಸ್ತಕವನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ ತಟ್ಟೆಯಲ್ಲಿಟ್ಟು ಅರಿಶಿನ ಕುಂಕುಮ ಹಚ್ಚುವುದು, ಅಧ್ಯಕ್ಷರು ಗಂಟು ಬಿಚ್ಚುವುದು, ಗ್ರಂಥಕರ್ತರಿಗೆ ಶಾಲು ಹೊದಿಸುವುದು, ಆಮೇಲೆ ಭಾಷಣ, ಆಮೇಲೆ ಟ್ರಂಕಿನ ಬೀಗ ತೆಗೆಯುವುದು. ಇಷ್ಟಕ್ಕೂ ಒಂದು ರೇಷ್ಮೆ ವಸ್ತ್ರ, ಒಂದು ಶಾಲು, ಒಬ್ಬ ಅಧ್ಯಕ್ಷ ಬೇಕಲ್ಲ? ಜವಳಿ ಅಂಗಡಿಯವರನ್ನು ಕರೆದರೆ ಮೂರೂ ಒಂದೇ ರೈಲಿನಲ್ಲಿ ಬರುತ್ತಿದ್ದವು. ಸಭೆ ಮುಗಿದ ಮೇಲೆ ಗ್ರಂಥಕರ್ತರು ಶಾಲನ್ನು ಮಡಿಸಿ ಮರ್ಯಾದೆಯಾಗಿ ಹಿಂದಕ್ಕೆ ಕೊಡುವುದು ಎಲ್ಲರಿಗೂ ಗೊತ್ತಿದ್ದ ಕ್ರಮ. ಮಾರನೆಯ ದಿನ ಅದು ಮತ್ತೆ ಅಂಗಡಿಯ ಬೀರುವಿನಲ್ಲಿರುತ್ತಿತ್ತು. ಆ ಶಾಲು ಎಷ್ಟು ಮಂದಿ ಗ್ರಂಥಕರ್ತರ ಹೆಗಲ ಮೇಲೆ ಕೂತು ಎಷ್ಟು ಭಾಷಣ ಕೇಳಿತ್ತೋ! ಅಂಗಡಿಗೆ ಹೋದಾಗ ಅದನ್ನು ಕಂಡರೆ ನನಗೆ ಹೊಟ್ಟೆಯುರಿಯುತ್ತಿತ್ತು. ಶಾಲಿನ ಮೇಲೆ ಹೊಟ್ಟೆಕಿಚ್ಚು ಪಟ್ಟ ಹೆಂಗಸು ನಾನೊಬ್ಬಳೇ ಇರಬೇಕು.

ಹೆಂಗಸರು ಹೋಗುವ ರೂಢಿಯಿಲ್ಲದ ಹಾಸನದ ಸಭೆಯಿಂದ ನಮ್ಮವರು ಬಂದರೆ ನಾನು ಕಾಲಿಗೆ ನೀರು ಕೊಡುವಾಗಲೇ ಕೇಳುತ್ತಿದ್ದೆ, "ಪುಸ್ತಕ ಹೇಗಿದೆ?"

"ಕಾಗ್ದ ಬಲು ಗಟ್ಟಿ ಕಣೆ," ಎಂದು ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಹಾಳೆಯನ್ನು ಹಿಡಿದು ಉಜ್ಜಿ ತೋರಿಸುತ್ತಿದ್ದರು. "ಒಲಿಗೆನೂ ಚೆನ್ನಾಗದೆ. ಎರಡು ತಲೆಮಾರು ಬತ್ತದೆ."

"ಗ್ರಂಥಕರ್ತರು ಏನು ಹೇಳಿದರು?"

"ಏಳಿದ್ರು, ಚೆನ್ನಾಗೇ ಏಳಿದ್ರು. ಸ್ವಲ್ಪ ಉದ್ದ ಆಯ್ತು."

ಇಷ್ಟೇ. ಅವರು ಕಪ್ಪಗೋ ಕೆಂಪಗೋ, ದನಿ ಹೇಗೆ, ನಗುತ್ತಾರೋ ಇಲ್ಲವೋ, ಏನೂ ತಿಳಿಯದು. ಕೋಟು ಯಾವ ಮಿಲ್ಲಿನ ಬಟ್ಟೆ ಎಂಬುದು ಮಾತ್ರ ತಪ್ಪದೆ ತಿಳಿಯುತ್ತಿತ್ತು.

ಇನ್ನು ಆ ಪುಸ್ತಕ ಓದುವುದಾದರೂ ಸುಲಭವೇ? ಆಗಿನ ಎಷ್ಟೋ ಪುಸ್ತಕಗಳು ಮಡಿಕೆ ಕತ್ತರಿಸದೆ ಹಾಗೇ ಬರುತ್ತಿದ್ದವು. ಎರಡು ಪುಟ ತೆರೆದಿದ್ದರೆ ಮುಂದಿನೆರಡು ಮಡಿಕೆಯೊಳಗೆ. ಓದುವವರೇ ಚಾಕು ಹಾಕಿ ಅಂಚು ಸೀಳಿಕೊಳ್ಳಬೇಕು. ನಾನು ಚಾಕು ತಂದ ದಿನ ನಮ್ಮವರು ಹೌಹಾರಿದರು. "ಮಡಿಕೆ ಬಿಚ್ಚಿದ ಬಟ್ಟೆ ತಾನಿಗೆ ಯಾವನು ಬೆಲೆ ಕೊಡ್ತಾನೆ? ಅಂಗೇ ಇಟ್ಟಿರು ಕಣೆ, ವಸಾದು ವಸದಾಗೇ ಇರ್ಲಿ," ಎಂದು ಪುಸ್ತಕವನ್ನು ಒಂದು ಪಂಚೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟರು. ಹೀಗೆ ನಮ್ಮ ಮನೆಯಲ್ಲಿ ಸಾಹಿತ್ಯವೆಲ್ಲ ಮದುವೆಗೆ ಮುಂಚಿನ ಹೆಣ್ಣಿನಂತೆ ಬೆಚ್ಚಗೆ ಮುಚ್ಚಿಕೊಂಡು ಕೂತಿತು. ಅವರು ಅಂಗಡಿಗೆ ಹೋದ ಮೇಲೆ ನಾನು ಮಡಿಕೆಯನ್ನು ಕೊಳವೆಯಂತೆ ಉಬ್ಬಿಸಿ, ಒಂದು ಕಣ್ಣು ಮುಚ್ಚಿ, ಒಳಗೆ ಇಣುಕಿ ಓದುತ್ತಿದ್ದೆ. ಅಕ್ಕಿ ಆರಿಸುತ್ತ ಕೂತಿದ್ದ ಅತ್ತೆ ಒಮ್ಮೆ ಕೇಳಿದರು, "ಏನೇ ಅದು, ಒಳೀಕೆ ಇಲಿಮರಿ ಸೇರ್ಕೊಂಡದಾ?" ಕಡೆಗೆ ಕತ್ತು ಹಿಡಿದುಕೊಂಡ ಮೇಲೆ ಒಂದು ಉಪಾಯ ಹೂಡಿದೆ. ಮಡಿಕೆಯೊಳಗೆ ಬೆಳ್ಳಿಹುಳ ಸೇರುತ್ತದೆ, ಅಲ್ಲಿಂದ ನೇರವಾಗಿ ರೇಷ್ಮೆ ಸೀರೆಗೇ ಬರುತ್ತದೆ ಎಂದೆ. ನಮ್ಮವರು ಅವತ್ತೇ ಅಂಗಡಿಯ ಕತ್ತರಿ ತಂದು, ಅಷ್ಟೂ ಪುಸ್ತಕಗಳ ಅಂಚನ್ನು ಕೂದಲೆಳೆಯಷ್ಟೂ ಓರೆಯಾಗದಂತೆ ಕತ್ತರಿಸಿ ಕೊಟ್ಟರು. ಅಷ್ಟು ಅಂದವಾಗಿ ಕತ್ತರಿಸಿದ ಪುಸ್ತಕಗಳು ಇಡೀ ಮೈಸೂರು ಸೀಮೆಯಲ್ಲಿ ಇನ್ನೆಲ್ಲೂ ಇದ್ದಿರಲಾರವು.

ಹಾಗೆ ಕೈಗೆ ಬಂದದ್ದು ಆ ಕಾದಂಬರಿ. ಬರೆದವರ ಹೆಸರನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅದರಲ್ಲಿ ಪದ್ಮೆ ಎಂಬ ಹುಡುಗಿ. ಗಂಡನ ಮನೆಯಲ್ಲಿ ಅವಳಿಗೆ ಹೊಡೆತ ಬಡಿತ ಏನಿಲ್ಲ, ಉಣ್ಣಲು ಉಡಲು ಎಲ್ಲ ಇದೆ. ಆದರೂ ಒಂದು ದಿನ ಬಟ್ಟೆಯ ಗಂಟು ಕಂಕುಳಲ್ಲಿಟ್ಟುಕೊಂಡು ಹೊಳೆಯ ದಡಕ್ಕೆ ಬಂದು ನಿಲ್ಲುತ್ತಾಳೆ. ಹರಿಗೋಲು ಬರುತ್ತದೆ. ಅಂಬಿಗ "ಹತ್ತವ್ವ" ಎನ್ನುತ್ತಾನೆ. ಕಾದಂಬರಿ ಮುಗಿಯಿತು! ಮುಂದಿನ ಪುಟ ತಿರುಗಿಸಿದರೆ ಪ್ರಕಾಶಕರ ಇತರ ಪುಸ್ತಕಗಳ ಜಾಹೀರಾತು. ಪುಟವೇನಾದರೂ ಅಂಟಿಕೊಂಡಿದೆಯೋ ಎಂದು ಬೆಳಕಿಗೆ ಹಿಡಿದು ನೋಡಿದೆ. ಕತ್ತರಿಸುವಾಗ ಒಂದು ಹಾಳೆ ಬಿದ್ದುಹೋಯಿತೇ ಎಂದು ನಮ್ಮವರನ್ನು ಕೇಳಿ ಅವರಿಗೆ ಬೇಸರವನ್ನೂ ಮಾಡಿದೆ.

ಅವಳು ಹತ್ತಿದಳೋ ಇಲ್ಲವೋ? ಈ ಒಂದು ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಓದಿದ್ದನ್ನು ಹೇಳಿಕೊಳ್ಳಲು ಒಂದು ಜೀವ ಇಲ್ಲದಿರುವುದು ಎಂಥ ಸಂಕಟ ಎಂಬುದು ಅನುಭವಿಸಿದವರಿಗೇ ಗೊತ್ತು. ನೆರೆಯವರ ಹತ್ತಿರ ಹೇಳಿದರೆ, "ಯಾರ ಮನೆ ಸೊಸೆಯೇ ಅದು?" ಎಂದು ಕೇಳುತ್ತಿದ್ದರು. ಹೇಮಾವತಿ ಹೊಳೆಗೆ ಬಟ್ಟೆ ಒಗೆಯಲು ಹೋದಾಗ ಆಚೆ ದಡದಿಂದ ಹರಿಗೋಲು ಬರುವುದು ಕಂಡರೆ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತುಬಿಡುತ್ತಿತ್ತು. ನಾನಾಗಿದ್ದರೆ ಹತ್ತುತ್ತಿದ್ದೆನೇ? ಗೊತ್ತಿಲ್ಲ. ಅದನ್ನು ಬರೆದ ಪುಣ್ಯಾತ್ಮರು ಒಬ್ಬರಿಗಾದರೂ ಗೊತ್ತಿರಬೇಕಲ್ಲ, ಅವರನ್ನು ಒಮ್ಮೆ ಕಂಡು ಕೇಳಿದರೆ ಸಾಕು ಎಂದು ಜೀವ ಹಂಬಲಿಸುತ್ತಿತ್ತು. ನಗಬೇಡಿ, ಒಡವೆಗೆ ಕೂಡ ನಾನು ಅಷ್ಟು ಆಸೆಪಟ್ಟವಳಲ್ಲ.

ಅರಕಲಗೂಡಿನಲ್ಲಿ ಒಂದು ಬಿಡುಗಡೆ ಇದೆ ಎಂದು ಗೊತ್ತಾದಾಗ, ತಾಳಲಾರದೆ ಆ ಪ್ರಶ್ನೆಯನ್ನು ನಮ್ಮವರಿಗೇ ಕೊಟ್ಟು ಕಳಿಸಿದೆ. "ಗ್ರಂಥಕರ್ತರನ್ನು ಕೇಳಿಕೊಂಡು ಬನ್ನಿ" ಎಂದೆನೇ ಹೊರತು ಯಾವ ಗ್ರಂಥಕರ್ತರನ್ನು ಎಂದು ಹೇಳಲಿಲ್ಲ. ನಮ್ಮವರಿಗೆ ಗ್ರಂಥಕರ್ತರೆಲ್ಲ ಒಂದೇ ಮಿಲ್ಲಿನ ಸರಕು. ಅಧ್ಯಕ್ಷಭಾಷಣಕ್ಕೆ ಎದ್ದು, ತುಂಬಿದ ಸಭೆಯಲ್ಲಿ, "ನಮ್ಮನೇವ್ಳು ಒಂದು ಮಾತು ಕೇಳ್ಕಂಬರಕ್ಕೆ ಏಳವ್ಳೆ. ಆ ಎಣ್ಮಗ ಅರಿಗೋಲು ಅತ್ತಿದ್ಲಾ ಇಲ್ವಾ, ತಾವು ಏಳ್ಬೇಕು ಸಾ," ಎಂದು ಕೈಮುಗಿದರಂತೆ. ಗ್ರಂಥಕರ್ತರು ಕಣ್ಣು ಕಣ್ಣು ಬಿಟ್ಟರಂತೆ. ಅವರು ಬರೆದದ್ದು ಹೊಗೆಸೊಪ್ಪಿನ ಬೇಸಾಯದ ಮೇಲೆ. ರಾಮನಾಥಪುರದ ಕಡೆಯ ರೈತರೇ ತುಂಬಿದ್ದ ಸಭೆ ಬಿದ್ದು ಬಿದ್ದು ನಕ್ಕಿತಂತೆ. ಮುಂದೆ ಬಹಳ ಕಾಲ ಆ ಊರಿನಿಂದ ಸೀರೆಗೆ ಬಂದವರು ನಮ್ಮವರನ್ನು "ಅತ್ತಿದ್ಲಾ ಸಾವ್ಕಾರ್ರೇ?" ಎಂದು ಕೇಳುತ್ತಿದ್ದರು. ಪಾಪ, ನಮ್ಮವರು ನನ್ನ ಮೇಲೆ ಸಿಟ್ಟಾಗಲಿಲ್ಲ. "ನಿನ್ನ ಪ್ರಶ್ನೆ ಸರ್ಯಾಗೇ ಕೇಳಿದೆ ಕಣೆ, ಆವಯ್ಯಂಗೇ ಗೊತ್ತಿಲ್ಲ," ಎಂದರು.

ಯುದ್ಧ ಬಂತು. ಕಾಗದಕ್ಕೆ ಬರ ಬಂದು ಹೊಸ ಪುಸ್ತಕಗಳು ಅಪರೂಪವಾದವು. ಅಂಥ ಕಾಲದಲ್ಲಿ ಚನ್ನರಾಯಪಟ್ಟಣದಿಂದ ನಮ್ಮಕ್ಕ ಹೇಳಿಕಳಿಸಿದಳು. ಭಾವನದು ಅಲ್ಲಿ ಕೊಬ್ಬರಿ ಮಂಡಿ. ಅವರ ಮನೆಯ ಪಡಸಾಲೆಯಲ್ಲೇ ಪುಸ್ತಕ ಬಿಡುಗಡೆ, ಎಂದಿನಂತೆ ಅಧ್ಯಕ್ಷರು ಶಾಲು ಸಮೇತ ಬರಬೇಕು, ನೀನೂ ಬಾ ಎಂದು. ಬರುವ ಗ್ರಂಥಕರ್ತರ ಹೆಸರು ಕೇಳಿ ನಾನು ಕಪಾಟಿನಿಂದ ಆ ಕಾದಂಬರಿ ತೆಗೆದು ರಟ್ಟು ನೋಡಿದೆ. ಪದ್ಮೆಯನ್ನು ದಡದಲ್ಲಿ ನಿಲ್ಲಿಸಿ ಹೋದವರು ಅವರೇ! ಅಕ್ಕನ ಮನೆಗೆ ಹೋಗುವುದಕ್ಕೆ ಅತ್ತೆಯ ಅಡ್ಡಿಯಿರಲಿಲ್ಲ. ರೊಟ್ಟಿ ತಟ್ಟುವಾಗ, ನೀರು ಸೇದುವಾಗ, ನನ್ನ ಪ್ರಶ್ನೆಯನ್ನು ಒಳ್ಳೆಯ ಗ್ರಂಥಭಾಷೆಯಲ್ಲಿ ಅಭ್ಯಾಸ ಮಾಡಿದೆ. "ಪೂಜ್ಯರೇ, ತಾವು ಪದ್ಮೆಯನ್ನು ಹರಿಗೋಲಿನ ಬಳಿ ಬಿಟ್ಟು ತೆರಳಿದಿರಿ. ಅನಂತರ ಆಕೆಯ ಗತಿ ಏನಾಯಿತು?" ಪೆಟ್ರೋಲಿಲ್ಲದ ಕಾಲ, ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸು. ಏರು ಬಂದಾಗಲೆಲ್ಲ ಇಳಿದು ನಡೆಯಬೇಕು. ಎಲ್ಲರೂ ಡ್ರೈವರನ್ನು ಬೈಯುತ್ತ ನಡೆದರೆ, ನಾನು "ಪೂಜ್ಯರೇ, ತಾವು" ಎನ್ನುತ್ತ ನಡೆದೆ.

ಕಡೆಗೂ ಕಂಡೆ. ಸಣ್ಣ ಆಳು, ದಪ್ಪ ಕನ್ನಡಕ, ಮೆತ್ತಗಿನ ದನಿ. ಪಡಸಾಲೆಯ ಒಂದು ಬದಿಯಲ್ಲಿ ಹೆಂಗಸರಿಗೆ ಜಮಖಾನ ಹಾಸಿದ್ದರು. ಎಲ್ಲರಿಗಿಂತ ಮುಂದೆ ಹೋಗಿ ಕೂತೆ. ನಮ್ಮವರು ಗಂಟು ಬಿಚ್ಚಿದರು, ಶಾಲು ಹೊದಿಸಿದರು. ಗ್ರಂಥಕರ್ತರು ಎದ್ದು, ಕನ್ನಡಕ ಒರೆಸಿಕೊಂಡು, "ಮಹನೀಯರೇ" ಎಂದರು. ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಸೆರಗು ಜಗ್ಗಿದರು. ಅಕ್ಕ.

"ಗೌರಿ, ಒಂದ್ಗಳಿಗೆ ಒಳೀಕೆ ಬಾ ಕಣೆ. ಮಾನ ಓಯ್ತದೆ."

ನಡೆದದ್ದು ಇಷ್ಟು. ಅಡುಗೆಗೆ ಕರೆಸಿದ್ದ ಸಿದ್ದಣ್ಣ ಒಲೆಯ ಮೇಲೆ ರವೆ ಇಟ್ಟು, ಸಭೆ ಹೇಗಿದೆ ನೋಡೋಣವೆಂದು ಬಾಗಿಲಿಗೆ ಬಂದವನು ಅಲ್ಲೇ ನಿಂತುಬಿಟ್ಟಿದ್ದ. ರವೆ ಸೀದು ಕರಕಲಾಗಿತ್ತು. ಅಕ್ಕನ ಕೈಯಲ್ಲಿ ಅಷ್ಟು ಜನಕ್ಕೆ ಉಪ್ಪಿಟ್ಟು ಕೆದಕುವುದಾಗದು. ನಾನು ಸಿದ್ದಣ್ಣನನ್ನು ಕರೆದೆ. ಅವನು ತಿರುಗಿಯೂ ನೋಡದೆ, "ವಸಿ ತಡ್ಕಳ್ರವ್ವ, ಬಲು ಚೆಂದಾಗಿ ಏಳ್ತಾವ್ರೆ," ಎಂದ. ಹೀಗೆ ಅಡುಗೆಯವನು ಸಾಹಿತ್ಯ ಕೇಳುತ್ತ ನಿಂತ, ಸಾಹಿತ್ಯಕ್ಕೆಂದು ಬಂದವಳು ರವೆ ಹುರಿಯಲು ನಿಂತೆ. ಅಳು ಬಂತು. ಒಲೆಯ ಹೊಗೆ ಇತ್ತು, ಅನುಕೂಲವಾಯಿತು. ಗೋಡೆಗೆ ಕಿವಿಯಿಟ್ಟು ಸೌಟಾಡಿಸಿದೆ. ದೇಶ, ಭಾಷೆ, ಯುದ್ಧ, ಕಾಗದ, ಹೀಗೆ ಏನೇನೋ ಸಣ್ಣಗೆ ಕೇಳುತ್ತಿತ್ತು. ಎಸರು ಮರಳಿತು. ಅದೇ ಹೊತ್ತಿಗೆ ಗೋಡೆಯಾಚೆಯಿಂದ ಸ್ಪಷ್ಟವಾಗಿ ಬಂತು: "ಪದ್ಮೆಯನ್ನು ಹರಿಗೋಲಿನ ಬಳಿ ನಿಲ್ಲಿಸಿದೆನಲ್ಲ, ಅವಳು ಕೊನೆಗೆ ಏನು ಮಾಡಿದಳೆಂದು ಹಲವರು ಕೇಳುತ್ತಾರೆ. ನಿಜ ಹೇಳುತ್ತೇನೆ..."

"ಉಯ್ಯೇ, ಸೀಯ್ತದೆ!" ಎಂದು ಅಕ್ಕ ಎಸರನ್ನು ರವೆಗೆ ಸುರಿದೇಬಿಟ್ಟಳು. ಚೊಂಯ್ ಎಂದು ಬಾಣಲೆ ಭೋರ್ಗರೆಯಿತು. ಅದು ಸುಮ್ಮನಾಗುವ ಹೊತ್ತಿಗೆ ಪಡಸಾಲೆಯಲ್ಲಿ ಚಪ್ಪಾಳೆ.

ಆಮೇಲೆ ಪಂಕ್ತಿ ಕೂತಿತು. ಬಡಿಸಲು ನಾನೇ ಹೋದೆ, ಇನ್ನೂ ಒಂದು ಅವಕಾಶ ಉಂಟಲ್ಲ ಎಂದು. ಗ್ರಂಥಕರ್ತರ ಎಲೆಯ ಮುಂದೆ ಬಂದೆ. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಎಷ್ಟು ವಿಶ್ವಾಸದ ಕಣ್ಣು! ತಾವಾಗಿಯೇ ಕೇಳಿದರು, "ತಾಯಿ, ನಿಮಗೂ ಓದು ಬರುತ್ತದೆಯೇ?"

ಇಷ್ಟು ವರ್ಷ ನಾನು ಕಾದದ್ದು ಈ ಬಾಗಿಲಿಗೇ. ಅದು ತಾನಾಗಿ ತೆರೆದಿದೆ. ಒಳಗೆ ಹೋಗುವುದೊಂದೇ ಬಾಕಿ. "ಪೂಜ್ಯರೇ, ತಾವು ಪದ್ಮೆಯನ್ನು" ಎಂದು ಮನಸ್ಸು ಶುರುಮಾಡಿತು. ಬಾಯಿ ಹೇಳಿತು:

"ಇನ್ನೊಂದು ಸ್ವಲ್ಪ ಹಾಕ್ಲಾ?"

"ಸಾಕು ತಾಯಿ, ಸಾಕು," ಎಂದು ಅವರು ಎಲೆಗೆ ಕೈ ಅಡ್ಡ ಹಿಡಿದರು. ನಾನು ಆ ಕೈಯ ಪಕ್ಕದಲ್ಲಿ ಇನ್ನೊಂದು ಸೌಟು ಹಾಕಿ ಮುಂದಕ್ಕೆ ಹೋದೆ.

ಬಸ್ಸಿನಲ್ಲಿ ನಮ್ಮವರನ್ನು ಕೇಳಿದೆ, ಹರಿಗೋಲಿನ ವಿಚಾರ ಏನು ಹೇಳಿದರು ಎಂದು. "ಏನೋ ಏಳಿದ್ರು ಕಣೆ. ಆವಯ್ಯ ಶಾಲನ್ನ ಬಿಗ್ಯಾಗಿ ಸುತ್ಕಂಡ್ಬುಟ್ರು. ವಾಪಸ್ ಕೊಡ್ತಾರೋ ಇಲ್ವೋ ಅಂತ ನಾನು ಅದೇ ಯೋಚ್ನೇಲಿದ್ದೆ." ಕೊಟ್ಟಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಸಮಾಧಾನ ಹೇಳುವವರಂತೆ ಸೇರಿಸಿದರು, "ಉಪ್ಪಿಟ್ಗೆ ಉಪ್ಪೇ ಇರ್ಲಿಲ್ಲ. ನಿಮ್ಮಕ್ಕನ ಮನೆ ಅಂತ ಸುಮ್ಕೆ ತಿಂದೆ."

ಯುದ್ಧ ಮುಗಿದ ಮೇಲೆ ಹಾಸನದ ಸಭೆಯಿಂದ ನಮ್ಮವರು ಅದೇ ಗ್ರಂಥಕರ್ತರ ಹೊಸ ಕಾದಂಬರಿ ತಂದರು. ಹಾಳೆಯನ್ನು ಉಜ್ಜಿ ನೋಡಿ, "ರೇಷನ್ನಿನ ಕಂಟ್ರೋಲ್ ಬಟ್ಟೆ ಇದ್ದಂಗದೆ," ಎಂದು ಮುಖ ಹುಳ್ಳಗೆ ಮಾಡಿದರೂ ಕತ್ತರಿಸಿ ಕೊಟ್ಟರು. ಅತ್ತೆ ಬತ್ತಿ ಹೊಸೆಯುತ್ತ ಕೂತಿದ್ದರು. ಅವರಿಗೆ ಕೇಳಲೆಂದು ಗಟ್ಟಿಯಾಗಿ ಓದಿದೆ. ನಡುವೆ ಒಂದು ಅಧ್ಯಾಯ ಬಂತು. ಊರೂರು ಅಲೆಯುವ ಕಥಾನಾಯಕ ಹಸಿದು ಒಂದು ಮನೆಗೆ ಬರುತ್ತಾನೆ. ಆ ಮನೆಯಲ್ಲೊಬ್ಬ ತಾಯಿ. ಹೊಗೆಯಲ್ಲಿ ಬೆಂದು ಕಣ್ಣು ಕೆಂಪಾದವಳು. ಅಕ್ಷರವೆಂದರೆ ಏನೆಂದೇ ಅರಿಯದವಳು. ಓದು ಬರುತ್ತದೆಯೇ ಎಂದು ಅವನು ಕೇಳಿದರೆ ಆ ಪ್ರಶ್ನೆಯೇ ಅವಳಿಗೆ ಅರ್ಥವಾಗುವುದಿಲ್ಲ. ಅವಳಿಗೆ ಗೊತ್ತಿದ್ದುದು ಬಡಿಸುವುದೊಂದೇ. ಎಷ್ಟು ಚೆನ್ನಾಗಿ ಬರೆದಿದ್ದರೆಂದರೆ ನನಗೆ ದುಃಖ ಉಕ್ಕಿ ಬಂತು. ಇಂಥ ಹೆಂಗಸಿಗೆ ನಾಲ್ಕಕ್ಷರ ಕಲಿಸುವವರು ಯಾರೂ ಇರಲಿಲ್ಲವಲ್ಲ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡೆ. ಅತ್ತೆಯೂ ಮೂಗು ಸೀಟಿದರು. "ಪಾಪ, ಓದು ಬರ್ದಿದ್ರೇನು, ಎಂಥಾ ಮನ್ಸು ಆಯಮ್ಮಂದು!"

ಪುಟ ತಿರುಗಿಸಿದೆ. ಸಾಕು ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದರೂ ಆ ತಾಯಿ ಪಕ್ಕದಲ್ಲಿ ಇನ್ನೊಂದು ಸೌಟು ಹಾಕಿದಳಂತೆ. ಉಪ್ಪಿಟ್ಟಿನಲ್ಲಿ ಉಪ್ಪಿರಲಿಲ್ಲವಂತೆ.

ಆ ಸಾಲನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡೆ. "ಯಾಕೆ ನಿಲ್ಸ್ಬುಟ್ಟೆ? ಓದು," ಎಂದರು ಅತ್ತೆ.

ಅಕ್ಷರವರಿಯದ ಆ ತಾಯಿಯ ಅಧ್ಯಾಯವನ್ನು ಕೊನೆಯ ಸಾಲಿನವರೆಗೂ ನಾನೇ ಗಟ್ಟಿಯಾಗಿ ಓದಿದೆ.